ಹನ್ನೊಂದು ಹೆಬ್ಬೆರಳುಗಳು

ಹಳದಿ, ಅದರ ಹಿಂದೆ ನೀಲಿ, ಅದರ ಹಿಂದೆ ಗುಲಾಬಿ — ಗೋಡೆಯಗಲದ ಪರದೆಯ ನೆತ್ತಿಯಿಂದ ಬಣ್ಣದ ಕಾಗದದ ಚೂರುಗಳು ಉದುರುತ್ತಿವೆ, ಯಾರೂ ಗೆದ್ದಿಲ್ಲ, ಯಾರೂ ಹುಟ್ಟಿಲ್ಲ, ಆದರೂ ಉದುರುತ್ತಿವೆ, ತಳ ಮುಟ್ಟುವ ಮುನ್ನ ಕರಗಿ ಮತ್ತೆ ಮೇಲಿಂದ ಶುರುವಾಗುತ್ತಿವೆ, ಇವಕ್ಕೆ ಇಲ್ಲಿಯ ಭಾಷೆಯಲ್ಲಿ ಡಿಲೈಟ್ ಎಂದು ಹೆಸರು, ಯೂಸರ್‌ಗೆ ಡಿಲೈಟ್ ಕೊಡ್ಬೇಕು ಸರ್ ಅಂದಿದ್ದ ರಾಕೆಟ್ — ಪ್ರಾಡಕ್ಟ್ ಮ್ಯಾನೇಜರ್, ಬರೆದ ಪ್ರತಿ ಸಾಲಿನ ಕೊನೆಗೂ ಒಂದು ರಾಕೆಟ್ ಚಿತ್ರ ಅಂಟಿಸುವುದರಿಂದ ಬಂದ ಹೆಸರು, ಅವನೂ ಅದನ್ನು ಬಿರುದಿನಂತೆ ಧರಿಸಿದ್ದಾನೆ. ಪರದೆಯ ಮುಂದೆ ಅರ್ಧಚಂದ್ರಾಕಾರದಲ್ಲಿ ನಿಂತಿದ್ದೇವೆ ಹನ್ನೆರಡು ಜನ, ಕುಳಿತರೆ ಮಾತು ಬೆಳೆಯುತ್ತದೆಂದು ಬೆಳಗಿನ ಸಭೆಯನ್ನು ನಿಂತೇ ಮಾಡುವುದು ಇಲ್ಲಿಯ ಪದ್ಧತಿ, ಸ್ಟ್ಯಾಂಡಪ್, ಎಪ್ಪತ್ತೊಂದು ವರ್ಷದ ಮೊಣಕಾಲಿಗೆ ಆ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ತಾತ ನೀವು ಕೂತ್ಕೊಳಿ ಎಂದು ದಿನವೂ ಯಾರಾದರೊಬ್ಬರು ಕುರ್ಚಿ ತಳ್ಳುತ್ತಾರೆ, ಬೇಡ್ರಪ್ಪ, ಕೂತ್ರೆ ಎಬ್ಬಿಸೋಕೆ ಇನ್ನೊಂದು ಮೀಟಿಂಗ್ ಕರೀಬೇಕಾಗುತ್ತೆ ಎನ್ನುತ್ತೇನೆ, ನಗುತ್ತಾರೆ, ಒಳ್ಳೆಯ ಮಕ್ಕಳು, ಓದದ ಮಕ್ಕಳು. ಆಸ್ಪತ್ರೆಗಳ, ಲ್ಯಾಬುಗಳ ಪರೀಕ್ಷಾ ವರದಿಗಳನ್ನು ಜನರ ಫೋನಿಗೆ ತಲುಪಿಸುವ ಆ್ಯಪ್ ಇದು, ಫೋನಿಗೆ ಹೋಗುವ ಪ್ರತಿ ವಾಕ್ಯವನ್ನೂ ಹೋಗುವ ಮುಂಚೆ ಓದುವುದು ನನ್ನ ಕೆಲಸ, ಮೂರು ತಿಂಗಳ ಮಟ್ಟಿಗೆ, ಆ ಮೂರು ತಿಂಗಳು ಇಂದು ಸಂಜೆಗೆ ಮುಗಿಯುತ್ತದೆ, ಮುಂದುವರಿಸುವುದೋ ಬಿಡುವುದೋ ಲೀಡ್ ಹೇಳುತ್ತಾಳೆ — ತಂಡದ ಮುಖ್ಯಸ್ಥೆ, ಕಡಿಮೆ ಮಾತಿನವಳು — ಮತ್ತು ಹನ್ನೊಂದು ಗಂಟೆಗೆ, ಇನ್ನು ಇಪ್ಪತ್ತೇ ನಿಮಿಷಕ್ಕೆ, ಈ ಚೂರುಗಳು, ಇವುಗಳ ಕೆಳಗಿನ, ವರದಿ ಬಂತೆಂದು ತಿಳಿಸುವ ಆ ಸಂದೇಶ, ಲಕ್ಷಾಂತರ ಫೋನುಗಳಿಗೆ ಹೊರಡುತ್ತವೆ. ಅದರಲ್ಲೊಂದು ಫೋನು ಅಕ್ಕನದು. ಅದನ್ನು ನಾನು ಇಲ್ಲಿ ಯಾರಿಗೂ ಹೇಳಿಲ್ಲ.

ಎಷ್ಟು ಚಂದದ ಪದಗಳು ಇವರ ಬಾಯಲ್ಲಿ, ಸೇರಿದ ಮೊದಲ ವಾರ ನನಗೆ ಮತ್ತೆ ಇಪ್ಪತ್ತಾಗಿತ್ತು — ಪಿಂಗ್ ಮಾಡ್ತೀನಿ ಎನ್ನುತ್ತಾರೆ, ಬಾವಿಗೆ ಬಿದ್ದ ಹರಳಿನ ಸದ್ದು, ಬ್ಯಾಂಡ್‌ವಿಡ್ತ್ ಇಲ್ಲ ಸರ್ ಎನ್ನುತ್ತಾರೆ, ದಣಿವನ್ನು ಒಪ್ಪಿಕೊಳ್ಳದ ದಣಿವು, ನೀವು ಗೋಟ್ ತಾತ ಎಂದಳು ಒಬ್ಬಳು ಮೊದಲ ದಿನವೇ, ಮನೆಗೆ ಹೋಗಿ ಹುಡುಕಿದೆ, ಸಾರ್ವಕಾಲಿಕ ಶ್ರೇಷ್ಠರೆಂದು ಅರ್ಥವಂತೆ, ಅಲ್ಲಿಯವರೆಗೆ ಮೇಕೆ ಎಂದಳೆಂದು ತಿಳಿದು ಗಡ್ಡ ಬೋಳಿಸಬೇಕೇನೋ ಎಂದುಕೊಂಡಿದ್ದೆ. ಆದರೆ ಒಂದು ಪದ ಮಾತ್ರ ಗಂಟಲಿಗೆ ಇಳಿಯಲಿಲ್ಲ, ಎಲ್‌ಜಿಟಿಎಂ, ನನ್ನ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದೆ ಎಂಬುದರ ಅಡಕ, ಈಗ ಅದನ್ನೂ ಬರೆಯುವುದಿಲ್ಲ, ಮೇಲೆತ್ತಿದ ಒಂದು ಹೆಬ್ಬೆರಳಿನ ಚಿತ್ರ ಒತ್ತಿಬಿಡುತ್ತಾರೆ, ಹನ್ನೆರಡೂ ಜನ ಒತ್ತಿದರೆ ಸಂದೇಶ ಹೊರಡುತ್ತದೆ, ಒಪ್ಪಿಗೆಯಿಲ್ಲದವರಿಗೆ ಪಕ್ಕದಲ್ಲೇ ಒಂದು ಕೆಂಪು ಗುಂಡಿ, ಬ್ಲಾಕ್, ಅದನ್ನು ಯಾರೂ ಒತ್ತಿದ್ದನ್ನು ನಾನು ಕಂಡಿಲ್ಲ. ನಿನ್ನೆ ಸಂಜೆ ರಾಕೆಟ್ ಈ ಸಂದೇಶವನ್ನು ಹಾಕಿದ, ಹನ್ನೊಂದು ಹೆಬ್ಬೆರಳುಗಳು ಪಟಪಟನೆ ಎದ್ದವು, ನಾಲ್ಕೇ ಸೆಕೆಂಡಿನಲ್ಲಿ, ಸಂದೇಶ ಓದುವುದಕ್ಕೇ ಆರು ಸೆಕೆಂಡು ಬೇಕು, ಗಡಿಯಾರ ಹಿಡಿದು ನೋಡಿದ್ದೇನೆ. ಹನ್ನೊಂದು ಹೆಬ್ಬೆರಳು, ಹಿಂದೆ ಕಣ್ಣಿಲ್ಲ. ಹನ್ನೆರಡನೆಯದು ನನ್ನದು, ರಾತ್ರಿಯೆಲ್ಲ ಅದನ್ನು ಅಂಗೈಯೊಳಗೆ ಮಡಚಿಕೊಂಡೇ ಮಲಗಿದ್ದೆ.

ಎರಡು ವರ್ಷದ ಹಿಂದೆ ಬೇರೆ ಯಾವುದೋ ಆ್ಯಪ್, ಚೂರುಗಳು ಇವೇ, ಈ ಕಸುಬಿನವರು ಒಬ್ಬರನ್ನು ನೋಡಿ ಒಬ್ಬರು ಉದುರಿಸುತ್ತಾರೆ — ಅಕ್ಕ ಅಡುಗೆಮನೆಯ ಮೇಜಿನ ಮುಂದೆ, ಕನ್ನಡಕ ಹಣೆಯ ಮೇಲೆ, ನೋಡೋ ಪುಟ್ಟ, ಫಸ್ಟ್ ಪ್ರೈಜ್ ಹೊಡೆದಿದ್ದೀನಿ ಅಂತ ನಗುತ್ತ ಫೋನು ನನ್ನ ಕಡೆ ತಿರುಗಿಸುತ್ತಾಳೆ, ಮೂವತ್ತು ವರ್ಷ ಲೆಕ್ಕದ ಪಾಠ ಹೇಳಿದವಳು, ಇಷ್ಟು ಬಣ್ಣ ಉದುರಿದ ಮೇಲೆ ಉತ್ತರ ಒಳ್ಳೆಯದೇ ಇರಬೇಕಲ್ಲ, ಹೆಬ್ಬೆರಳಿಂದ ಒತ್ತಿದಳು, ವರದಿ ತೆರೆಯಿತು, ಗಡ್ಡೆ ಕೆಟ್ಟದ್ದು ಎನ್ನುವ ಸಾಲಿನ ಮೇಲೂ ಹಳದಿ, ನೀಲಿ, ಗುಲಾಬಿ, ನಿಲ್ಲಿಸೋದು ಹೇಗೋ ಇದನ್ನ ಎಂದು ಕೇಳಿದಳು, ಅಷ್ಟೇ ಕೇಳಿದಳು, ನನಗೂ ಗೊತ್ತಿರಲಿಲ್ಲ, ಇಬ್ಬರೂ ನೋಡುತ್ತ ಕುಳಿತೆವು ಅದು ತಾನಾಗಿ ನಿಲ್ಲುವವರೆಗೆ. ಶಸ್ತ್ರಚಿಕಿತ್ಸೆಯಾಯಿತು, ಕೂದಲು ಹೋಯಿತು, ಬಂತು, ಮೊದಲಿಗಿಂತ ಸುರುಳಿಯಾಗಿ ಬಂತು, ಎಪ್ಪತ್ತಾರಕ್ಕೆ ಹೊಸ ಫ್ಯಾಶನ್ ಕಣೋ ಎಂದಳು, ಮತ್ತೆ ಒಂದು ಪರೀಕ್ಷೆ, ಕೊಟ್ಟು ಇಂದಿಗೆ ಒಂಬತ್ತು ದಿನ, ಈ ಸಲದ ಲ್ಯಾಬು ನಮ್ಮ ಆ್ಯಪಿನದು, ವರದಿ ಇಂದು ಹನ್ನೊಂದರ ನಂತರ ಎಂದಿದ್ದಾರೆ. ನಾನೂ ಗೆಳೆಯರೂ ಹುಡುಗರಾಗಿ ಕವಿತೆ ಬರೆಯುತ್ತಿದ್ದಾಗ ಪದ್ಯದಿಂದ ಪ್ರಾಸವನ್ನು ಓಡಿಸಿದೆವು, ಗೆಜ್ಜೆ ಬಿಚ್ಚಿಸಿದೆವು, ಒಂದು ಮಾತಿಗೆ ಅದರ ತೂಕವೇ ಸಾಕು ಎಂದು ಕಾಫಿಯ ಲೋಟಗಳ ಮೇಲೆ ಮುಷ್ಟಿ ಕುಟ್ಟಿ ವಾದಿಸಿದೆವು, ಆ ಓಡಿಸಿದ ಗೆಜ್ಜೆಯೇ ಈಗ ಈ ಪರದೆಯ ತುಂಬ — ಹನ್ನೊಂದಕ್ಕೆ ಹದಿನಾಲ್ಕು ನಿಮಿಷ, ರಾಕೆಟ್ ಕೇಳುತ್ತಿದ್ದಾನೆ, ತಾತ, ನಿಮ್ಮದೊಂದೇ ಪೆಂಡಿಂಗು, ಒತ್ತಿಬಿಡಿ, ನಾನು ಫೋನು ತೆಗೆಯುತ್ತೇನೆ, ಹೆಬ್ಬೆರಳು ಬಿಚ್ಚುತ್ತೇನೆ, ಕೆಂಪಿನ ಮೇಲೆ ಇಡುತ್ತೇನೆ.

ಹನ್ನೊಂದು ಜೇಬುಗಳಲ್ಲಿ, ನನ್ನ ಕೈಯಲ್ಲಿ, ಒಟ್ಟಿಗೆ ಪಿಂಗ್. ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿ, ಅದರೊಳಗೆ ನನ್ನ ಹೆಸರು, ಅಚ್ಚಿನಲ್ಲಿ ನನ್ನ ಹೆಸರು ಇಷ್ಟು ದೊಡ್ಡದಾಗಿ ಎಂದೂ ಬಂದಿರಲಿಲ್ಲ, ತಾತ, ಕೈ ತಾಗಿಬಿಡ್ತಾ ಎಂದ ರಾಕೆಟ್, ಇಲ್ಲಪ್ಪ, ಸರಿಯಾಗೇ ತಾಗಿದೆ ಎಂದೆ, ಏನು ಬ್ಲಾಕರ್ ಸರ್, ಟೈಪೋ ಇದೆಯಾ, ಟೈಪೋ ಇದ್ದಿದ್ರೆ ನಾನೇ ತಿದ್ದಿರ್ತಿದ್ದೆ, ಹಾಗಾದ್ರೆ ಈಗ ಶಿಪ್ ಮಾಡ್ಬಿಡೋಣ, ಕಳಿಸ್ಬಿಡೋಣ, ಆಮೇಲೆ ಬೇಕಾದ್ರೆ ಸರ್ಕಲ್ ಬ್ಯಾಕ್ ಮಾಡಿ ನೋಡೋಣ, ಚೂರು ಉದುರಿದ್ರೆ ಹದಿನೆಂಟು ಪರ್ಸೆಂಟ್ ಜನ ಬೇಗ ಓಪನ್ ಮಾಡ್ತಾರೆ, ಡೇಟಾ ಇದೆ ನನ್ಹತ್ರ, ಇರಬಹುದಪ್ಪ, ಎಂದೆ, ಹೆದರಿದವನೂ ಬಾಗಿಲು ಬೇಗ ತೆಗೀತಾನೆ. ಯಾರೋ ಕೆಮ್ಮಿದರು. ಮೂವತ್ತೆಂಟು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವನು ನಾನು, ಅಲ್ಲಿ ನಮಗೊಂದು ಪದ್ಧತಿ, ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕರಡಿನ ಮೇಲೆ ಕಣ್ಣಿಡಬೇಕು, ಅಲ್ಪವಿರಾಮವನ್ನೂ ಬಾಯಿಬಿಟ್ಟು ಹೇಳಬೇಕು, ಕಣ್ಣು ಕ್ಷಮಿಸಿದ್ದನ್ನು ಕಿವಿ ಕ್ಷಮಿಸದು — ಒಂದೇ ಒಂದು ಸಲ ಗಟ್ಟಿಯಾಗಿ ಓದು ಮರಿ, ಎಂದೆ, ನಮಗಲ್ಲ, ಎದುರಿಗೆ ಒಬ್ಬರು ಕೂತಿದ್ದಾರೆ, ಗಡ್ಡೆ ಪರೀಕ್ಷೆಗೆ ಕೊಟ್ಟು ಒಂಬತ್ತು ದಿನ ಆಗಿದೆ, ಅವರಿಗೆ ಓದು. ಸ್ಟೋರಿ ಟೈಮ್ ಎಂದು ಯಾರೋ ಪಿಸುಗುಟ್ಟಿದರು, ರಾಕೆಟ್ ನಕ್ಕ, ನಾಟಕದವನಂತೆ ಎದೆಯುಬ್ಬಿಸಿದ, ವಾವ್, ನಿಮ್ಮ ರಿಪೋರ್ಟ್ ಬಂದೇಬಿಡ್ತು, ಬೇಗ ಓಪನ್ ಮಾಡಿ, ಒಳಗಡೆ ನಿಮಗೊಂದು — ನಿಂತ. ಸರ್‌ಪ್ರೈಸ್ ಎಂಬ ಪದ ಅವನ ಹಲ್ಲಿನ ಹಿಂದೆಯೇ ಉಳಿಯಿತು, ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದ, ಅವನು ಅಲ್ಲಿ ಯಾರನ್ನು ಕೂರಿಸಿಕೊಂಡಿದ್ದನೋ ನಾನು ಕೇಳಲಿಲ್ಲ. ಚೂರುಗಳು ಅವನ ಬೆನ್ನ ಹಿಂದೆ ಉದುರುತ್ತಲೇ ಇದ್ದವು. ಯಾರಾದ್ರೂ ಅದನ್ನ ನಿಲ್ಲಿಸ್ರಪ್ಪ ಎಂದ, ತಗ್ಗಿದ ದನಿಯಲ್ಲಿ, ಮತ್ತು ಒಂದು ಬೆರಳು ಎಲ್ಲೋ ಒಂದು ಕೀ ಒತ್ತಿತು, ನಿಂತಿತು, ಎರಡು ವರ್ಷದ ನಂತರ ನಿಂತಿತು.

ನಿಮ್ಮದು ಏನಿದೆ ಸರ್ ಎಂದಳು ಲೀಡ್. ಓದಿದೆ, ಮೂರು ವಾಕ್ಯ, ಮೂರು ತಿಂಗಳಲ್ಲಿ ನಾನು ಬರೆದದ್ದರಲ್ಲಿ ಅತಿ ಚಿಕ್ಕದು, ಬಹುಶಃ ಬದುಕಿನಲ್ಲಿ ಬರೆದದ್ದರಲ್ಲೇ. ಅವಳು ತಲೆಯಾಡಿಸಲಿಲ್ಲ, ಹೊಗಳಲಿಲ್ಲ, ಇದನ್ನ ಹಾಕಿ, ಬಿಳಿ ಹಿನ್ನೆಲೆ, ಬೇರೇನೂ ಬೇಡ ಎಂದಳು, ಹಾಕಿದರು, ಹನ್ನೊಂದಕ್ಕೆ ಮೂರು ನಿಮಿಷ, ಆಗ ನೋಡಿದೆ — ಯಾರೂ ಒತ್ತುತ್ತಿಲ್ಲ, ಒಂದು ಸೆಕೆಂಡು, ಎರಡು, ತುಟಿಗಳು ಅಲುಗುತ್ತಿವೆ, ಹನ್ನೊಂದು ಜನರ ತುಟಿಗಳು, ಯಾವ ಸಭಾಭವನದಲ್ಲಿ ಯಾವ ಕವಿಗೆ ಸಿಕ್ಕಿತ್ತು ಈ ದೃಶ್ಯ, ಐದು, ಆರು, ಏಳನೆಯ ಸೆಕೆಂಡಿಗೆ ಮೊದಲ ಹೆಬ್ಬೆರಳು ಎದ್ದಿತು, ಆಮೇಲೆ ಇನ್ನೊಂದು, ಬಿಡಿಬಿಡಿಯಾಗಿ, ಒಬ್ಬೊಬ್ಬರ ಓದಿನ ವೇಗಕ್ಕೆ ಒಂದೊಂದಾಗಿ, ಕೊನೆಗೆ ರಾಕೆಟ್‌ನದು, ಜೊತೆಗೆ ರಾಕೆಟ್ ಚಿತ್ರವಿಲ್ಲ, ಹನ್ನೆರಡನೆಯದು ನನ್ನದು. ಹನ್ನೊಂದು ಗಂಟೆ. ಹೊರಟಿತು. ಸಂಜೆವರೆಗೆ ಯಾಕೆ ಕಾಯಿಸಲಿ ಸರ್ ಎಂದಳು ಲೀಡ್ ಪಕ್ಕದಲ್ಲಿ ನಿಂತು, ಹಳೇ ಮೆಸೇಜುಗಳು ನಾನೂರಿವೆ, ನಾಳೆಯಿಂದ ಒಂದೊಂದಾಗಿ ಬ್ಲಾಕ್ ಮಾಡ್ತಾ ಬನ್ನಿ, ಗಟ್ಟಿಯಾಗಿ ಓದೋಕೆ ರಾಕೆಟ್‌ನ ಇಟ್ಕೊಳಿ, ನಂಗೆ ಬ್ಯಾಂಡ್‌ವಿಡ್ತ್ ಇಲ್ಲ ಮೇಡಂ ಎಂದ ಅವನು, ಮಾಡ್ಕೋ ಎಂದಳು, ನಾನು ನಕ್ಕೆ, ಕುರ್ಚಿ ಎಳೆದುಕೊಂಡು ಕುಳಿತೆ, ಮೂರು ತಿಂಗಳಲ್ಲಿ ಮೊದಲ ಬಾರಿ, ರಾಜನಂತೆ.

ಮತ್ತು ಜೇಬಿನಲ್ಲಿ ಫೋನು, ಅಕ್ಕ, ಪುಟ್ಟಾ, ಬಂತು ಕಣೋ, ಏನು ಬಂತು ಎನ್ನುತ್ತೇನೆ ಗೊತ್ತಿಲ್ಲದವನಂತೆ, ರಿಪೋರ್ಟು, ಆದ್ರೆ ಈ ಸಲ ಪ್ರೈಜ್ ಗೀಜ್ ಏನಿಲ್ಲ, ತಾಳು ಓದ್ತೀನಿ, ಕೊನೆಯ ಬೆಂಚಿಗೂ ಕೇಳಿಸುವ ಅವಳ ಆ ದನಿ, ನಿಮ್ಮ ವರದಿ ಬಂದಿದೆ, ಹತ್ತಿರದವರೊಬ್ಬರು ಜೊತೆಗಿರುವಾಗ ಇದನ್ನು ತೆರೆಯಬಹುದು, ಆತುರವಿಲ್ಲ — ಯಾರೋ ಮರ್ಯಾದಸ್ಥ ಬರೆದಿದ್ದಾನೆ ಕಣೋ, ಹೂಂ, ಇರಬಹುದು ಎಂದೆ, ತೆರೆದೆಯೇನಕ್ಕ, ಇಲ್ವೋ, ಹತ್ತಿರದವರು ಅಂತಿದೆಯಲ್ಲ, ನೀನೆಲ್ಲಿದ್ದೀಯ. ಬಂದೆ, ಎಂದೆ, ಎದ್ದೆ, ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲು, ನಾಲ್ಕು ಮಹಡಿ, ಮೊಣಕಾಲು ಏನೂ ಹೇಳಲಿಲ್ಲ, ಬೀದಿಯಲ್ಲಿ ಬಿಸಿಲು, ಬಸ್ಸು, ಕಿಟಕಿಯ ಸೀಟು, ಒಳಗೆ ಏನಿದೆಯೋ ನನಗೂ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ, ಇರಲಿ, ಏನಿದ್ದರೂ ಈ ಸಲ ಇಬ್ಬರೂ ಕೂತು, ಬಿಳಿಯ ಮೇಲೆ ಕಪ್ಪಾಗಿ ಓದುತ್ತೇವೆ, ಮೂರು ಸ್ಟಾಪು, ಎರಡು, ಅವಳು ಮೇಜಿನ ಮುಂದೆ ಕುಳಿತಿರುತ್ತಾಳೆ, ಕನ್ನಡಕ ಮೂಗಿನ ಮೇಲೆ, ಎದುರಿಗೆ ಬಿಳಿ ಪರದೆ, ಮೇಲಿಂದ ಏನೂ ಉದುರದ ಬಿಳಿ ಪರದೆ, ಅದರ ಮೇಲೆ ಒಂದಂಗುಲ ಎತ್ತರದಲ್ಲಿ, ಗಾಳಿಯಲ್ಲಿ, ಒತ್ತದೆ, ನನಗಾಗಿ ನಿಲ್ಲಿಸಿಕೊಂಡ ಒಂದು ಹೆಬ್ಬೆರಳು