ಹರಿದ ಸಿಪ್ಪೆ

ಮೀಟರಣ್ಣನ ಬಲಗೈ ಹೆಬ್ಬೆರಳಿನ ಕೀಲು ಸವೆದುಹೋಗಿದೆ ಎಂದು ಡಾಕ್ಟರು ಹೇಳಿದ ದಿನ ಅವನ ಹೆಂಡತಿ ಅಳಲಿಲ್ಲ, ರೇಗಲೂ ಇಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಇನ್ನಾದ್ರೂ ಆ ಮರ ಕೆರೆಯೋದು ನಿಲ್ಲಿಸ್ತೀರಾ, ಇಲ್ಲ ಎಡಗೈನೂ ಸವೆಸಿಕೊಂಡೇ ಕೂರ್ತೀರಾ?" ಎಂದು ಕೇಳಿದಳು.

"ಇದೊಂದು ಮುಗಿಸಿಬಿಡ್ತೀನಿ ಕಣೇ. ಚೀಟಿ ಎತ್ತಿಯಾಗಿದೆ."

"ಹತ್ತು ವರ್ಷದಿಂದ ಇದೊಂದು, ಇದೊಂದು ಅಂತಾನೇ ಇದೀರಿ," ಎಂದು ಅವಳು ಒಳಗೆ ಹೋದಳು.

ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ವಿದ್ಯುತ್ ಕಚೇರಿಯಲ್ಲಿ ದಿನವಿಡೀ ಕೆಟ್ಟ ಮೀಟರುಗಳನ್ನು ಬಿಚ್ಚಿ ಜೋಡಿಸುವುದು ಅವನ ಹೊಟ್ಟೆಪಾಡು. ಮರಗೆಲಸದ ಸಲಕರಣೆ ಮಾಡುವುದು ಹುಚ್ಚು. ಇದೇ ಹುಚ್ಚು ಹಿಡಿದ ಎಂಟು ಜನ ಭಾನುವಾರದ ಮಧ್ಯಾಹ್ನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಅವರಲ್ಲಿ ಒಬ್ಬನೂ ಬಡಗಿಯಲ್ಲ. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಒಂದೊಂದು ಚೀಟಿ ಎತ್ತುವುದು, ಚೀಟಿಯಲ್ಲಿ ಯಾರ ಹೆಸರು ಬಂತೋ ಅವರಿಗಾಗಿ ತನ್ನ ಕೈಯಾರೆ ಒಂದು ಸಲಕರಣೆ ಮಾಡಿಕೊಡುವುದು ಅವರ ವಾಡಿಕೆ. ಪಡೆದವರು ಎಲ್ಲರೆದುರಿಗೆ ಅದರಿಂದ ಹಲಗೆ ಹೆರೆದು ಮರದ ಒಂದು ತೆಳು ಸಿಪ್ಪೆ ತೆಗೆಯಬೇಕು. ಆ ಮೊದಲ ಸಿಪ್ಪೆ ಮಾಡಿಕೊಟ್ಟವರಿಗೆ ಸೇರಿದ್ದು. ಮೀಟರಣ್ಣನ ಬಿಸ್ಕತ್ತಿನ ಡಬ್ಬಿಯಲ್ಲಿ ಅಂಥ ಹತ್ತು ಸಿಪ್ಪೆಗಳಿದ್ದವು.

ಸಿಪ್ಪೆಗಳೇನೋ ಇದ್ದವು, ಆದರೆ ಸಲಕರಣೆಗಳ ಗತಿ ಅವನಿಗೆ ಗೊತ್ತಿತ್ತು. ಅವನು ಮಾಡಿಕೊಟ್ಟ ಬಾಚಿಯ ಹಿಡಿಯನ್ನು ಹಲ್ಲಿನ ಡಾಕ್ಟರು ಗಾಜಿನ ಬೀರುವಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಗುಂಪಿನಲ್ಲಿದ್ದ ಬಸ್ ಡ್ರೈವರು ಅವನು ಕೊಟ್ಟ ಉಳಿಯನ್ನು "ಹಾಳಾಗುತ್ತೆ ಅಣ್ಣಾ" ಎಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಹತ್ತರಲ್ಲಿ ಒಂದಾದರೂ ದುಡಿದು ಕೊಳೆಯಾಗಿದ್ದನ್ನು ಅವನು ಕಂಡಿರಲಿಲ್ಲ. ಹೊಗಳಿಕೆ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಈ ಕೊನೆಯದಾದರೂ ಯಾರದಾದರೂ ಕೈಯಲ್ಲಿ ಕೆಲಸಕ್ಕೆ ಬರಲಿ ಎಂಬುದೊಂದೇ ಆಸೆ ಉಳಿದಿತ್ತು.

ಅದಕ್ಕೇ ಚೀಟಿಯಲ್ಲಿ ಕನ್ನಡಕದವಳ ಹೆಸರು ಬಂದಾಗ ಅವನಿಗೆ ಸಮಾಧಾನವಾಯಿತು. ಅವಳು ಗುಂಪಿಗೆ ಹೊಸಬಳು, ಮೂವತ್ತೈದರ ಹೆಂಗಸು. ಕನ್ನಡಕದಂಗಡಿಯ ಹಿಂಬದಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸ. ಮಾತು ಕಡಿಮೆ. ಬಂದ ನಾಲ್ಕು ತಿಂಗಳಲ್ಲಿ ತನ್ನ ಅಂಗಡಿಯಲ್ಲೇ ಕೂತು ಎರಡು ಸ್ಟೂಲು ಮಾಡಿದ್ದಳು, ಅವೆರಡೂ ಅಲ್ಲಾಡುತ್ತಿದ್ದವು, ಮೂರನೆಯದಕ್ಕೆ ಹಲಗೆ ಕೊಯ್ದಿದ್ದಳು. ಇವಳಿಗೆ ಕೊಟ್ಟದ್ದು ಬೀರು ಸೇರುವುದಿಲ್ಲ ಎಂದು ಅವನಿಗೆ ಅನ್ನಿಸಿತು.

ಚೀಟಿಯ ಜೊತೆಗೆ ಒಂದು ಕಾಗದ ಇರುತ್ತಿತ್ತು. "ಕೆಲಸ ಮಾಡುವ ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ" ಎಂಬ ನಿಯಮ ಬರೆದವನು ಮೀಟರಣ್ಣನೇ. ಹಿಡಿ ಆ ಅಳತೆಗೆ ಆಗಬೇಕಲ್ಲ. ಆದರೆ ಬಲಗೈಯವರು ಪೆನ್ಸಿಲ್ ಹಿಡಿಯುವುದು ಬಲಗೈಯಲ್ಲೇ. ಹಾಗಾಗಿ ಎಲ್ಲರೂ ಸೋಮಾರಿತನದಿಂದ ಎಡಗೈಯನ್ನೇ ಬರೆದುಕೊಡುತ್ತಿದ್ದರು. ಮಾಡುವವರು ಕಾಗದವನ್ನು ಮಗುಚಿ, ಕಿಟಕಿಯ ಗಾಜಿಗೆ ಒತ್ತಿ ಗೆರೆ ತಿದ್ದಿದರೆ ಬಲಗೈ ಸಿಗುತ್ತಿತ್ತು. ಹತ್ತು ವರ್ಷದಲ್ಲಿ ಇದು ಒಮ್ಮೆಯೂ ತಪ್ಪಿರಲಿಲ್ಲ, ಯಾರೂ ಯಾರನ್ನೂ ಕೇಳಿರಲೂ ಇಲ್ಲ.

ಕನ್ನಡಕದವಳ ಗೆರೆ ಅಂಕುಡೊಂಕಾಗಿತ್ತು. "ಹೊಸಬಳು, ಹೆದರಿಕೊಂಡು ಬರೆದಿದಾಳೆ," ಎಂದುಕೊಂಡು ಮೀಟರಣ್ಣ ಎಂದಿನಂತೆ ಕಾಗದ ಮಗುಚಿದ.

ಮೂರು ತಿಂಗಳು ಹಿಡಿಯಿತು. ಹಳೆಯ ಕಿಟಕಿ ಚೌಕಟ್ಟಿನ ಗಟ್ಟಿ ಮರದಲ್ಲಿ ಹಲಗೆ ಹೆರೆದು ನುಣುಪು ಮಾಡುವ, ಅಂಗೈಯಷ್ಟು ಉದ್ದದ ಒಂದು ಪುಟ್ಟ ಉಜ್ಜುಗೊರಡು. ಬೆನ್ನು ಅಂಗೈಗೆ ಕೂರುವ ಹಾಗೆ ಉಬ್ಬು, ಒಂದು ಪಕ್ಕ ಹೆಬ್ಬೆರಳಿಗೆ ಗುಳಿ, ಇನ್ನೊಂದು ಪಕ್ಕ ನಾಲ್ಕು ಬೆರಳಿಗೂ ಒಂದೊಂದು ಕಾಲುವೆ. ಹಿಂದೆಲ್ಲ ಎರಡು ವಾರದ ಕೆಲಸ. ಈಗ ಹತ್ತು ನಿಮಿಷ ಅರ ಉಜ್ಜಿದರೆ ಅರ್ಧ ಗಂಟೆ ಬಿಸಿನೀರಿನಲ್ಲಿ ಕೈ ಅದ್ದಿ ಕೂರಬೇಕು. ಕಚೇರಿಯಲ್ಲಿ ಸ್ಕ್ರೂ ಡ್ರೈವರ್ ಜಾರಿ ಬೀಳುತ್ತಿತ್ತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಡುವಾಗ ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಅವಳು ಅಂದಿದ್ದರೇ ವಾಸಿಯಿತ್ತು.

ಹಂಚುವ ಭಾನುವಾರ ಬಂತು. ಎಲ್ಲರೂ ಗೊರಡನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಡ್ರೈವರು ಬಾಯಿ ಚಪ್ಪರಿಸಿದ. ಹಲ್ಲಿನ ಡಾಕ್ಟರಂತೂ ಅದನ್ನು ವಾಪಸು ಕೊಡಲು ಮನಸ್ಸಿಲ್ಲದೆ ಎರಡು ಸಲ ಒರೆಸಿದರು. ಕೊನೆಗೆ ಕನ್ನಡಕದವಳು ಅದನ್ನು ಹಿಡಿದು ಬೆಂಚಿನ ಮುಂದೆ ನಿಂತಳು. ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ತಳ್ಳಿದಾಗ ಗೊರಡು ಕಟಕಟ ಎಂದು ಕುಪ್ಪಳಿಸಿತು. ಎರಡನೆಯ ಸಲ ಒಂದು ಸಿಪ್ಪೆ ಬಂತು, ಅದೂ ನಡುವೆ ಹರಿದು.

"ಮೀಟರಣ್ಣನ ಗೊರಡು ಹಿಡಿಯೋಕೂ ಯೋಗ್ಯತೆ ಬೇಕಮ್ಮ," ಎಂದು ಡಾಕ್ಟರು ನಕ್ಕರು. ಉಳಿದವರೂ ನಕ್ಕರು.

"ನನ್ನ ಕೈಯೇ ಸರಿಯಿಲ್ಲ ಸರ್. ಗೊರಡು ತುಂಬಾ ಚೆನ್ನಾಗಿದೆ," ಎಂದಳು ಅವಳು, ಹರಿದ ಸಿಪ್ಪೆಯನ್ನು ಮೀಟರಣ್ಣನಿಗೆ ಕೊಡುತ್ತಾ.

ಅವನು ಅದನ್ನು ಜೇಬಿಗೆ ಹಾಕಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಮೂರು ತಿಂಗಳ ನೋವು ಇಂಥ ಒರಟು ಕೈಗೆ ಹೋಯಿತಲ್ಲ! ಎಲ್ಲರೂ ಚಹಾದ ಕಡೆ ತಿರುಗಿದರು. ಮೂಲೆಯಲ್ಲಿ ಕನ್ನಡಕದವಳು ಅಲಗನ್ನು ಸರಿಮಾಡಿಕೊಳ್ಳಲು ಪುಟ್ಟ ಕೊಡತಿ ಎತ್ತಿಕೊಂಡು ಅದನ್ನು ಬಿಗಿದ ಬೆಣೆಗೆ ಎರಡು ಪೆಟ್ಟು ಹಾಕಿದಳು. ಹದವಾದ ಪೆಟ್ಟು, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಕೊಡತಿ ಅವಳ ಎಡಗೈಯಲ್ಲಿತ್ತು.

ತಾನು ಮಗುಚಿದ ಕಾಗದ ಮೀಟರಣ್ಣನಿಗೆ ನೆನಪಾಯಿತು. ಹೇಳಬಹುದಿತ್ತು. ಕೋಣೆ ತುಂಬ ಜನರಿದ್ದರು, ಒಂದು ಮಾತು ಸಾಕಿತ್ತು. ಆದರೆ ಡ್ರೈವರು ಒಮ್ಮೆ ಹಲಗೆಯ ತಪ್ಪು ಬದಿಗೆ ತೂತು ಕೊರೆದದ್ದನ್ನು ಆರು ವರ್ಷ ಆಡಿಕೊಂಡು ನಕ್ಕವನು ಮೀಟರಣ್ಣನೇ.  ಚಹಾ ಕುಡಿದು ಲೋಟ ತೊಳೆದಿಟ್ಟು ಮನೆಗೆ ಬಂದ.

ಬಂದವನೇ ಡ್ರಾಯರು ಎಳೆದು ಕಾಗದ ತೆಗೆದ. ಅವಳು ನಿಯಮವನ್ನು ಓದಿ ಅಕ್ಷರಶಃ ಪಾಲಿಸಿದ್ದಳು. ಕೆಲಸ ಮಾಡುವ ಎಡಗೈಯನ್ನು ಕಾಗದದ ಮೇಲಿಟ್ಟು, ರೂಢಿಯಿಲ್ಲದ ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಕಷ್ಟಪಟ್ಟು ಗೆರೆ ಎಳೆದಿದ್ದಳು. ಅದಕ್ಕೇ ಅಂಕುಡೊಂಕು. ಅವನು ಬುದ್ಧಿವಂತಿಕೆಯಿಂದ ಅದನ್ನು ಮಗುಚಿದ್ದ.

"ಏನಾಯ್ತು, ಮುಖ ಯಾಕೆ ಹಾಗಿದೆ?" ಎಂದಳು ಹೆಂಡತಿ.

ಹೇಳಿದ. ಅವಳು ನಗಬಹುದೆಂದುಕೊಂಡಿದ್ದ. ಅವಳು ಅವನ ಊದಿದ ಹೆಬ್ಬೆರಳನ್ನೇ ನೋಡುತ್ತಾ, "ಒಂದು ಮಾತು ಕೇಳಬಾರದಿತ್ತಾ ಆ ಹುಡುಗೀನ?" ಎಂದಳು.

ಮಂಗಳವಾರ ಊಟದ ಬಿಡುವಿನಲ್ಲಿ ಅವನು ಕನ್ನಡಕದಂಗಡಿಗೆ ಹೋದ. ಹಿಂಬದಿಯ ಕೋಣೆಯಲ್ಲಿ ಸಾಣೆಯಂತ್ರ, ಒದ್ದೆ ಗಾಜಿನ ಪುಡಿಯ ವಾಸನೆ, ಕಿಟಕಿಯ ಕೆಳಗೆ ಒಂದು ಮೇಜು. ಮೇಜಿನ ಮೇಲೆ ಗೊರಡು, ಅದರ ಸುತ್ತ ಹರಿದ ಸಿಪ್ಪೆಗಳ ರಾಶಿ. ಕನ್ನಡಕದವಳು ಅವನನ್ನು ಕಂಡು ಗಡಿಬಿಡಿಯಿಂದ ಎದ್ದಳು. ಅವಳ ಬಲ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

"ಇದೇನಮ್ಮ ಇದು?"

"ಅಭ್ಯಾಸ ಮಾಡ್ತಿದ್ದೆ ಅಣ್ಣಾ. ನಿನ್ನೆಯಿಂದ, ಬಿಡುವಾದಾಗೆಲ್ಲ. ನಿಧಾನಕ್ಕೆ ಕೂಡಿ ಬರುತ್ತೆ."

"ನೀನು ಎಡಗೈಯವಳು ಅಂತ ಯಾಕೆ ಹೇಳಲಿಲ್ಲ?"

ಅವಳು ಬೊಬ್ಬೆಯ ಕೈಯನ್ನು ಹಿಂದಕ್ಕೆ ಸರಿಸಿದಳು. "ಏನಂತ ಹೇಳೋದು ಅಣ್ಣಾ? ಚಿಕ್ಕೋಳಿದ್ದಾಗಿಂದ ಆ ಕೈ ತೆಗಿ, ಈ ಕೈಲಿ ಹಿಡಿ ಅಂತ ಎಲ್ಲರೂ ಬೈದೋರೇ. ನೀವು ಅಷ್ಟು ಚೆನ್ನಾಗಿ ಮಾಡಿದೀರಿ. ಅದು ನನಗೆ ಹೊಂದಲ್ಲ ಅಂದ್ರೆ ತಪ್ಪು ನನ್ನ ಕೈದೇ ಇರಬೇಕು ಅನ್ಕೊಂಡೆ."

ಮೀಟರಣ್ಣ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಕ್ಕರಿಸಿದ. ಅದು ಅಲ್ಲಾಡಿತು. 

"ನೀನು ಬರೆದುಕೊಟ್ಟಿದ್ದು ಸರಿಯಾಗೇ ಇತ್ತು ಕಣಮ್ಮ. ಮಗುಚಿಕೊಂಡೋನು ನಾನು. ಅದು ಅವತ್ತೇ ಗೊತ್ತಾಯ್ತು, ಬಾಯಿ ಬಿಡಲಿಲ್ಲ. ಬರೋ ಭಾನುವಾರ ಎಲ್ಲರೆದುರಿಗೂ ಹೇಳ್ತೀನಿ." ಹೆಬ್ಬೆರಳು ನೀವಿಕೊಳ್ಳುತ್ತಾ, "ಇನ್ನೊಂದು ಮಾಡಿಕೊಡೋಣ ಅಂದ್ರೆ ಈ ಕೈಲಿ ಆಗಲ್ಲ. ಅರ ಇದೆಯಾ?" ಎಂದ.

ಅರ ಕೊಟ್ಟಳು. ಅವನು ಗೊರಡನ್ನು ಮೇಜಿನ ಅಂಚಿಗೆ ಬಿಗಿದು, ತಾನು ಮೂರು ತಿಂಗಳು ತಿದ್ದಿ ನುಣುಪು ಮಾಡಿದ ಕಾಲುವೆಗಳ ಮೇಲೆ ಅರ ಇಟ್ಟು ಒಂದು ಸಲ ಉಜ್ಜಿದ. ಎರಡನೆಯ ಸಲಕ್ಕೆ ಹೆಬ್ಬೆರಳು ಕೈಕೊಟ್ಟಿತು. ಅರ ಠಣ್ಣೆಂದು ನೆಲಕ್ಕೆ ಬಿತ್ತು.

"ಅದನ್ನ ಹಾಳು ಮಾಡಬೇಡಿ ಅಣ್ಣಾ, ನೋಡೋಕಾಗಲ್ಲ."

"ನೋಡೋಕೆ ಅಂತ ಮಾಡಿದ್ದಲ್ಲ. ನೀನು ತಗೋ. ನಾನು ಪೆನ್ಸಿಲಲ್ಲಿ ಗುರುತು ಹಾಕ್ತೀನಿ, ಅಲ್ಲಿವರೆಗೂ ಕೆರೆದು ಹಾಕು. ನಿನ್ನ ಕೈಲೇ."

ಅವಳು ಎಡಗೈಯಲ್ಲಿ ಅರ ಹಿಡಿದಳು. ಮೊದಲು ಹೆದರಿ ಹೆದರಿ ಉಜ್ಜಿದಳು, ಆಮೇಲೆ ಧೈರ್ಯ ಬಂತು. ಬೆರಳ ಕಾಲುವೆಗಳು ಒಂದೊಂದಾಗಿ ಪುಡಿಯಾಗಿ ಉದುರಿದವು. ಮೀಟರಣ್ಣನಿಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು. ಆ ನಾಲ್ಕನೆಯ ಕಾಲುವೆಗೆ ಅವನು ಹನ್ನೊಂದು ಸಂಜೆ ಕೂತಿದ್ದ. ಆದರೂ, "ಇನ್ನೂ ಸ್ವಲ್ಪ, ಹ್ಞಾಂ, ಸಾಕು. ಈಗ ಅಲ್ಲೇ ಹೆಬ್ಬೆರಳಿಗೆ ಗುಳಿ ತೋಡು," ಎಂದು ಹೇಳುತ್ತಾ ಹೋದ. ಊಟದ ಬಿಡುವು ಮುಗಿದು ಹೋಗಿತ್ತು. ಅಂಗಡಿಯ ಯಜಮಾನ ಎರಡು ಸಲ ಇಣುಕಿ ನೋಡಿ, ಇವರು ಏಳುವ ಜನವಲ್ಲ ಎಂದು ತಿಳಿದು ಸುಮ್ಮನಾದ.

ಮುಗಿದಾಗ ಗೊರಡು ಚೆಂದವಾಗೇನೂ ಇರಲಿಲ್ಲ. ಒಂದು ಕಡೆ ನುಣುಪು, ಇನ್ನೊಂದು ಕಡೆ ಅರದ ಗೀರು. ಅವಳು ಅದನ್ನು ಎಡಗೈಯಲ್ಲಿ ಹಿಡಿದು ಮೂರನೆಯ ಸ್ಟೂಲಿನ ಹಲಗೆಯ ಮೇಲೆ ಒಮ್ಮೆ ತಳ್ಳಿದಳು. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿನಲ್ಲಿ ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಈರುಳ್ಳಿ ಸಿಪ್ಪೆಯಷ್ಟು ತೆಳು, ಎಲ್ಲೂ ಹರಿದಿರಲಿಲ್ಲ. ಅವಳು ಅದನ್ನೇ ಬೆಳಕಿಗೆ ಹಿಡಿದು ನೋಡುತ್ತಾ ನಿಂತಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಮೊದಲನೇದು ಅಣ್ಣಾ. ನಿಮಗೆ ಸೇರಬೇಕು."

ಮೀಟರಣ್ಣ ಕೈ ಚಾಚಿದ, ಮತ್ತೆ ಹಿಂದೆ ತೆಗೆದುಕೊಂಡ.

"ಮೊದಲ ಸಿಪ್ಪೆ ಗೊರಡು ಮಾಡಿದೋರಿಗೆ ಅಂತ ನಿಯಮ. ಇದನ್ನ ನೀನೇ ಇಟ್ಕೋಬೇಕು," ಎಂದು ಎದ್ದ.

ಸಂಜೆ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆಯಲು ಅವನಿಗೆ ಆಗಲಿಲ್ಲ, ಹೆಂಡತಿಯೇ ತೆಗೆದುಕೊಟ್ಟಳು. ಭಾನುವಾರದಿಂದ ಅಂಗಿಯ ಜೇಬಿನಲ್ಲೇ ಇದ್ದ ಸಿಪ್ಪೆಯನ್ನು ಅವನು ಹುಷಾರಾಗಿ ಹೊರತೆಗೆದು ಹತ್ತರ ಮೇಲೆ ಹನ್ನೊಂದನೆಯದಾಗಿ ಇಟ್ಟ.

"ಇದು ಹರಿದಿದೆಯಲ್ರೀ," ಎಂದಳು ಅವಳು.

"ಹೂಂ. ನಂದು ಅದೇ," ಎಂದ ಅವನು.

ಅವಳು ಮುಚ್ಚಳ ಹಾಕಿ ಡಬ್ಬಿಯನ್ನು ಕಪಾಟಿನ ಮೇಲಿಟ್ಟು, ಬಿಸಿನೀರು ಕಾಯಿಸಲು ಒಳಗೆ ಹೋದಳು.