ಚಿತ್ತಾ ನಕ್ಷತ್ರದ ಸೇನಾನಿ

೧೯೫೦ರ ಶ್ರಾವಣದಲ್ಲಿ, ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಮುಂದೆ ಬಜ್ಜಿ ಮಾರುವ ಪಕ್ಕೀರಮ್ಮ ಮೂರು ದಿನ ಒಲೆ ಹಚ್ಚಲಿಲ್ಲ. ಅವಳ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಸತ್ತವಳು ಚಿತ್ತಾ ನಕ್ಷತ್ರದ ಸೇನಾನಿ ಮೇಘಮಾಲಿನಿ. ಸತ್ತದ್ದು ಒಂಬತ್ತನೆಯ ಪುಸ್ತಕದ ಕೊನೆಯ ಪುಟದಲ್ಲಿ.

ಆ ಪುಸ್ತಕಗಳು ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಬರುತ್ತಿದ್ದವು. ಅಲ್ಲಿ ಮರಿಬಸಪ್ಪ ಎಂಬವನು ಅಚ್ಚುಕೂಟ ಇಟ್ಟಿದ್ದ. ಲಗ್ನಪತ್ರಿಕೆಗಳ ನಡುವೆ ಬಿಡುವಾದಾಗಲೆಲ್ಲ 'ಚಿತ್ತಾ–ಸ್ವಾತಿ ಸಮರ' ಎಂಬ ಕಥೆಯ ಹದಿನಾರು ಪುಟದ ಒಂದೊಂದು ಭಾಗ ಅಚ್ಚು ಹಾಕುತ್ತಿದ್ದ. ಬರೆದವರ ಹೆಸರಿರಬೇಕಾದ ಕಡೆ 'ಚ. ಕುರುಗೋಡು' ಎಂದಷ್ಟೇ ಇರುತ್ತಿತ್ತು. ಎರಡು ನಕ್ಷತ್ರಗಳ ನಡುವೆ ಹರಿಯುವ ಬೆಳಕಿನ ಹೊಳೆ ಯಾರದೆಂದು ಜಗಳ ಹುಟ್ಟಿ, ಚಿತ್ತೆಯವರು ಕಂಚಿನ ಹಡಗುಗಳಲ್ಲಿ, ಸ್ವಾತಿಯವರು ಮುತ್ತಿನ ಹಡಗುಗಳಲ್ಲಿ ಆಕಾಶದ ಉದ್ದಗಲಕ್ಕೂ ಕಾದಾಡುತ್ತಿದ್ದರು. ಚಿತ್ತಿ ಮಳೆ, ಸ್ವಾತಿ ಮಳೆ ಎಂದು ಎರಡನ್ನೂ ಬಲ್ಲ ರೈತರಿಗೆ ಈ ಯುದ್ಧ ಪರರದಾಗಿ ಕಾಣಲೇ ಇಲ್ಲ. ತೆಕ್ಕಲಕೋಟೆಯಲ್ಲಿ ಬಯಲಾಟದ ಮೇಳದವರು ಅದನ್ನೇ ಆಡಲು ತಾಲೀಮು ನಡೆಸಿದ್ದರು. ಸಿರುಗುಪ್ಪದ ಸಂತೆಯಲ್ಲಿ ನೀಲಿ ಬಳೆಗೆ 'ಮೇಘಮಾಲಿನಿ ಬಳೆ' ಎಂದು ಹೆಸರು ಬಿದ್ದಿತ್ತು.

ಗಿರಣಿಯಲ್ಲಿ ಚೀಲ ತೂಗುವ ಎರ್ರೆಪ್ಪ ನಾಲ್ಕನೆಯ ಇಯತ್ತೆವರೆಗೆ ಓದಿದವನು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನು ಗಟ್ಟಿಯಾಗಿ ಓದುವುದು, ಹಮಾಲರು ಮಂಡಕ್ಕಿ ಬಜ್ಜಿ ತಿನ್ನುತ್ತ ಕೇಳುವುದು ರೂಢಿ. ಹಮಾಲರ ಮುಖಂಡ ದುರುಗಪ್ಪ, ಎರಡು ಚೀಲ ಒಟ್ಟಿಗೆ ಹೊರುವ ಆಳು, ಸ್ವಾತಿಯ ಪಕ್ಷ. ಪಕ್ಕೀರಮ್ಮ ಚಿತ್ತೆಯ ಪಕ್ಷ. ಸ್ವಾತಿ ಸೋತ ದಿನ ಅವಳು ದುರುಗಪ್ಪನಿಗೆ ಒಂದು ಬಜ್ಜಿ ಹೆಚ್ಚಿಗೆ ಹಾಕಿ ಅಣಕಿಸುತ್ತಿದ್ದಳು.

ಒಂಬತ್ತನೆಯ ಪುಸ್ತಕದ ಕೊನೆಯಲ್ಲಿ ಮೇಘಮಾಲಿನಿಯ ಹಡಗಿಗೆ ಬೆಂಕಿ ಬಿದ್ದು, ಅದು ಸ್ವಾತಿಯವರ ನೀಲಗ್ರಹದ ಕಡಲಿಗೆ ತಲೆಕೆಳಗಾಗಿ ಬಿತ್ತು. 'ಅಲ್ಲಿಗೆ ಚಿತ್ತೆಯ ಸೇನಾನಿಯ ಕಥೆ ಮುಗಿಯಿತು' ಎಂದು ಎರ್ರೆಪ್ಪ ಓದಿದ. ಪಕ್ಕೀರಮ್ಮ ಒಲೆಗೆ ನೀರು ಸುರಿದು ಎದ್ದು ಹೋದಳು.

ಮೊದಲ ದಿನ ದುರುಗಪ್ಪ ನಕ್ಕ. ಎರಡನೆಯ ದಿನ ಬರಿಯ ಮಂಡಕ್ಕಿ ತಿಂದ. ಮೂರನೆಯ ದಿನ ಅವಳ ಮನೆಯ ಬಾಗಿಲಿಗೇ ಹೋದ.

"ಯಕ್ಕಾ, ಅದು ಕತಿ ಬೇ. ಖರೇನ ಸತ್ತಾಳೇನು?"

"ನಿನಗ ಕತಿ. ನನಗ ಗಂಡ ಸತ್ತ ವರ್ಷದಾಗ ನಗು ತರಿಸಿದಾಕಿ ಆಕಿ ಒಬ್ಬಾಕಿನ ಲೇ ದುರುಗ್ಯಾ."

ದುರುಗಪ್ಪ ಕಟ್ಟೆಯ ಮೇಲೆ ಕೂತ. ಆಮೇಲೆ ಹೇಳಿದ: "ನಡಿ ಹಂಗಾರ. ಬರದಾತನ್ನ ಕೇಳಾಕ ಹೋಗೋಣು. ಸಾಯ್ಸಿದಾತಗ ಬದುಕ್ಸಾಕೂ ಬರಬೇಕಲ್ಲ."

ಮರುದಿನ ಭಾನುವಾರ. ಪಕ್ಕೀರಮ್ಮ, ದುರುಗಪ್ಪ, ಎರ್ರೆಪ್ಪ ಮೂವರೂ ಬಳ್ಳಾರಿಯ ಬಸ್ಸು ಹತ್ತಿದರು. ಮರಿಬಸಪ್ಪ ಬರೆದವರ ವಿಳಾಸ ಕೊಡಲು ಒಪ್ಪಲಿಲ್ಲ. "ಯಾರಿಗೂ ಹೇಳಬ್ಯಾಡ್ರಿ ಅಂತ ಮಾತು ತಗೊಂಡಾರ್ರಿ," ಎಂದ. ಪಕ್ಕೀರಮ್ಮ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟಳು.

"ಹೇಳೋತನಕ ಏಳಂಗಿಲ್ಲ ನಾನು. ನೀವರ ಹೆಂಗ ಅಚ್ಚು ಹಾಕಿದ್ರಿ ಆ ಪುಟಾನ? ಮನಸು ಬಂತೇನು?"

ಮರಿಬಸಪ್ಪ ಕನ್ನಡಕ ತೆಗೆದು ಒರೆಸಿಕೊಂಡ. "ಬರಲಿಲ್ಲಮ್ಮಾ," ಎಂದ. "ಅಚ್ಚಿನ ಮೊಳೆ ಜೋಡಿಸುವಾಗ ಎರಡು ಸಲ ಎದ್ದು ಹೊರಗ ಹೋಗಿ ಬಂದೆ." ಕೊನೆಗೆ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟ. "ನಾನು ಕಳಿಸಿದೆ ಅಂತ ಹೇಳಬ್ಯಾಡ್ರಿ. ಮೇಘಮಾಲಿನಿ ಬದುಕಿದ್ರ ಮೊದಲು ನನಗ ತಿಳಿಸ್ರಿ."

ಅದೇ ಮಧ್ಯಾಹ್ನ ಕುರುಗೋಡಿನಲ್ಲಿ, ಗುಡ್ಡದ ಬುಡದ ಒಂದು ಮನೆಯ ಮುಂದೆ, ತಲೆತುಂಬ ಸೆರಗು ಹೊದ್ದ ತೆಳ್ಳಗಿನ ಹೆಂಗಸೊಬ್ಬಳು ಕುಂಬಳಬಳ್ಳಿಗೆ ನೀರು ಹಾಕುತ್ತಿದ್ದಳು. ದೊಡ್ಡ ಮೀಸೆಯ ಗಂಡಸನ್ನು ನೆನೆದುಕೊಂಡು ಬಂದಿದ್ದ ದುರುಗಪ್ಪ ಕೇಳಿದ: "ಯವ್ವಾ, ಯಜಮಾನ್ರು ಅದಾರೇನ್ರಿ? ಕತಿ ಬರಿಯೋರು?"

ಹೆಂಗಸು ತಂಬಿಗೆ ಕೆಳಗಿಟ್ಟಳು. ಆಕೆ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಅಕ್ಕೋರು, ಚನ್ನಬಸಮ್ಮ. ವಯಸ್ಸು ಮೂವತ್ತು ಮೀರಿರಲಿಲ್ಲ. "ಕತಿ ಬರಿಯಾಕಿ ನಾನ," ಎಂದಳು ಮೆಲ್ಲಗೆ. "ಯಾರಿಗೂ ಹೇಳಬ್ಯಾಡ್ರಿ. ಹೆಣ್ಣುಮಗಳು ಬರದಾಳ ಅಂದ್ರ ಯುದ್ಧ ಯಾರೂ ನಂಬಂಗಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಚೇತರಿಸಿಕೊಂಡವಳು ಪಕ್ಕೀರಮ್ಮ.

"ನೀವೂ ಹೆಣ್ಣುಮಗಳಾಗಿ ಆಕಿನ್ನ ಕೊಂದ್ರೇನ್ರಿ ಅಕ್ಕೋರ?"

ಚನ್ನಬಸಮ್ಮ ಒಳಗಿನಿಂದ ಚಾಪೆ ತಂದು ಹಾಸಿದಳು, ಬೆಲ್ಲ ನೀರು ಕೊಟ್ಟಳು. ಆಮೇಲೆ ನಿಜ ಹೇಳಿದಳು. ಕೊಲ್ಲುವ ಮನಸ್ಸು ಅವಳಿಗೂ ಇರಲಿಲ್ಲ. ಹಡಗನ್ನು ಕಡಲಿಗೆ ಬೀಳಿಸಿಬಿಟ್ಟಳು, ಆದರೆ ಒಳಗಿದ್ದವಳನ್ನು ಹೊರಗೆ ತರುವ ದಾರಿ ಹೊಳೆಯಲಿಲ್ಲ. ಹದಿನೈದು ದಿನ ಯೋಚಿಸಿದಳು. ಅಚ್ಚಿಗೆ ಹೊತ್ತಾಯಿತೆಂದು ಮರಿಬಸಪ್ಪ ಕಾಗದದ ಮೇಲೆ ಕಾಗದ ಬರೆದ. ಸೋತು, ಕಥೆ ಮುಗಿಯಿತು ಎಂದು ಬರೆದು ಕಳಿಸಿದಳು.

"ನಾನೂ ಅವತ್ತು ಉಣ್ಣಲಿಲ್ಲ," ಎಂದಳು.

ಪಕ್ಕೀರಮ್ಮ ಚಾಪೆಯ ಮೇಲೆ ಮುಂದಕ್ಕೆ ಸರಿದಳು. "ಹಡಗು ಡಬ್ಬು ಬಿದ್ದಿತ್ತಲ್ಲ? ತಲಿಕೆಳಗ?"

"ಹೌದು."

"ಹಂಗಾರ ಆಕಿ ಸತ್ತಿಲ್ಲ ಬಿಡ್ರಿ."

ಪಕ್ಕೀರಮ್ಮನ ಅಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದ. ಅವಳಿಗೆ ಹತ್ತು ವರ್ಷವಾಗಿದ್ದಾಗ ಪ್ರವಾಹದಲ್ಲಿ ಹರಿಗೋಲು ಮಗುಚಿ ಅವಳ ಮೇಲೆಯೇ ಬಿತ್ತು. ಒಳಗೆ ಕತ್ತಲೆ, ಕುತ್ತಿಗೆಯವರೆಗೆ ನೀರು. ಆದರೆ ತಲೆಯ ಮೇಲೆ, ಬುಟ್ಟಿಯಂಥ ಹರಿಗೋಲಿನ ಬುಡದಲ್ಲಿ ಗಾಳಿ ಉಳಿದಿತ್ತು. ಅದನ್ನೇ ಉಸಿರಾಡುತ್ತ, ಬಿದಿರಿನ ಪಟ್ಟಿ ಹಿಡಿದು, ಮುಕ್ಕಾಲು ಹರದಾರಿ, ಎರಡು ಮೈಲಿಗೂ ಹೆಚ್ಚು, ತೇಲಿ ದಡ ಮುಟ್ಟಿದ್ದಳು.

"ಡಬ್ಬು ಬಿದ್ದದ್ದು ಉಸರು ಹಿಡಕೊಂಡಿರತೈತ್ರಿ ಅಕ್ಕೋರ. ಬುಟ್ಟಿ ಏನು, ಹಡಗೇನು?"

ಚನ್ನಬಸಮ್ಮ ಎದ್ದು ನಿಂತಳು. ಒಳಗೆ ಓಡಿ ತಾಮ್ರದ ಬಟ್ಟಲು ತಂದು, ಕೊಳಗದ ನೀರಿನಲ್ಲಿ ಬೋರಲು ಹಾಕಿ ಒತ್ತಿದಳು. ಅದನ್ನು ಓರೆ ಮಾಡಿದಾಗ ಗುಳುಗುಳು ಗುಳ್ಳೆ ಎದ್ದವು. "ಐತಿ! ಗಾಳಿ ಐತಿ!" ಎಂದು ಕೂಗಿದಳು. ಎರ್ರೆಪ್ಪ ಚಪ್ಪಾಳೆ ತಟ್ಟಿದ. ಶತ್ರುಪಕ್ಷದವನೆಂಬುದನ್ನು ಮರೆತು ದುರುಗಪ್ಪನೂ ತಟ್ಟಿದ.

ಮರುದಿನ ಸಿರುಗುಪ್ಪದಲ್ಲಿ ಒಲೆ ಉರಿಯಿತು. ಹತ್ತನೆಯ ಪುಸ್ತಕ ಭಾದ್ರಪದದಲ್ಲಿ ಬಂತು. ಮೇಘಮಾಲಿನಿ ಮಗುಚಿದ ಕಂಚಿನ ಹಡಗಿನೊಳಗೆ ಏಳು ದಿನ ತೇಲಿ, ಸ್ವಾತಿಯ ಬೆಸ್ತರ ಊರಿನ ದಡ ಮುಟ್ಟಿದ್ದಳು. ಅವರು ಶತ್ರುವೆಂದು ತಿಳಿದೂ ಅವಳಿಗೆ ಗಂಜಿ ಕುಡಿಸಿದ್ದರು. ಆ ಪುಟ ಓದುವಾಗ ದುರುಗಪ್ಪ ಎದೆ ಉಬ್ಬಿಸಿ, "ನೋಡಿದ್ರೇನು ನಮ್ಮ ಸ್ವಾತಿ ಮಂದೀನ!" ಎಂದ.

ಪಕ್ಕೀರಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು. "ಒಳಗ ಕುಂತಿದ್ಲು ಅಂತ ಬರದಾರ. ಕುಂದ್ರಾಕ ಎಲ್ಲಿ ಬರತೈತಿ? ಜೋತು ಬೀಳಬೇಕು. ಬರಿಯೋ ಎರ್ರೆಪ್ಪ, ಕಾಗದ ಬರಿ. ದಸರಾ ರಜಾದಾಗ ಬಂದು ಹರಿಗೋಲು ಹತ್ರಿ ಅಂತ ಬರಿ."

ಚನ್ನಬಸಮ್ಮ ಬಂದಳು. ಹುಟ್ಟಿದಾಗಿನಿಂದ ನೀರಿನ ಮೇಲೆ ಕಾಲಿಡದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹರಿಗೋಲಿನಲ್ಲಿ ಕೂತಳು. ಪಕ್ಕೀರಮ್ಮನೇ ಹುಟ್ಟು ಹಿಡಿದಳು. ಜೊತೆಗೆ ದುರುಗಪ್ಪನೂ ಹತ್ತಿದ. ಹೊಳೆ ತುಂಬಿ ಹರಿಯುತ್ತಿತ್ತು. ನಡುನೀರಿಗೆ ಬಂದಾಗ ಹರಿಗೋಲು ಗಿರಗಿರನೆ ಸುತ್ತಿತು. ದುರುಗಪ್ಪ ಕಣ್ಣು ಮುಚ್ಚಿ ಅಂಚನ್ನು ಎರಡೂ ಕೈಯಿಂದ ತಬ್ಬಿಕೊಂಡು ಊರಿನ ದೇವರನ್ನೆಲ್ಲ ಕರೆದ. ಚನ್ನಬಸಮ್ಮ ಮೊದಲು ಚೀರಿದಳು, ಆಮೇಲೆ ನಗತೊಡಗಿದಳು. ನಗು ನಿಲ್ಲಲೇ ಇಲ್ಲ.

"ಇನ್ನೊಂದು ಸುತ್ತು ಹಾಕ್ರಿ ಪಕ್ಕೀರಮ್ಮಾರ," ಎಂದಳು, "ದುರುಗಪ್ಪಣ್ಣ ಕಣ್ಣು ತೆರೆಯೋತನಕ."