ನೆರೆಯವರೊಡನೆ ತಕರಾರು ಇದೆಯೇ?

ಬುಧವಾರ ಬೆಳಿಗ್ಗೆ ಕಸದ ಲಾರಿ ಹೋದ ಮೇಲೆ ಕಿಟಕಿಯಿಂದ ನೋಡಿದೆ. ನನ್ನ ಖಾಲಿ ಡಬ್ಬಿ ಆಗಲೇ ರಸ್ತೆಯಿಂದ ಬಂದು ಗೋಡೆಯ ಪಕ್ಕ ತನ್ನ ಜಾಗದಲ್ಲಿ ನಿಂತಿತ್ತು. ನನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಂದಿನಿಂದ, ಅಂದರೆ ನಾಲ್ಕು ವರ್ಷಗಳಿಂದ ಹೀಗೆಯೇ. ತಂದಿಡುವವರು ಪಕ್ಕದ ಏಳನೆಯ ನಂಬರಿನ ಮನೆಯ ಕ್ಲೆಮೆಂಟ್ ಆಗ್ಡನ್ ಎಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತು. ಆದರೆ ನಾವಿಬ್ಬರೂ ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಹೊಸಿಲಾಚೆ ಒಬ್ಬಳು ತುಂಬು ಬಸುರಿ ನಿಂತಿದ್ದಳು. ಕೈಯಲ್ಲಿ ಮಡಚಿದ ಕಾಗದ.

"ಮೇಡಂ, ಆ ಜಗಳದವರು ನೀವೇನಾ?" ಎಂದವಳೇ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ತಪ್ಪು ತಿಳ್ಕೋಬೇಡಿ. ನಾನು ಟ್ಯಾಮ್ಸಿನ್. ಪಕ್ಕದ ಮನೆ ತಗೊಳ್ತಿರೋರು ನಾವೇ. ಜಗಳದವ್ರು ಅಂದ್ರೆ ಯಾರೋ ದೊಡ್ಡ ನಾಯಿ ಸಾಕಿರೋ ಗಂಡಸು ಇರ್ಬೇಕು ಅಂದ್ಕೊಂಡಿದ್ದೆ."

"ನಾಯಿ ಇಲ್ಲಮ್ಮ. ಜಗಳ ಇತ್ತು. ಒಳಗೆ ಬಾ, ಚಹಾ ಮಾಡ್ತೀನಿ."

ನಮ್ಮ ಕಡೆ ಮನೆ ಮಾರುವವರು ಕೊಳ್ಳುವವರಿಗೆ ಒಂದು ಫಾರಂ ತುಂಬಿಕೊಡಬೇಕು. ಅದರಲ್ಲಿ ಒಂದು ಪ್ರಶ್ನೆ: ನೆರೆಯವರೊಡನೆ ತಕರಾರು ಇದೆಯೇ, ಹಿಂದೆ ಇತ್ತೇ? ಹಳೆಯದೆಲ್ಲ ಮರೆತಂತೆ ಜನ 'ಇಲ್ಲ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಕ್ಲೆಮೆಂಟ್ 'ಇತ್ತು' ಎಂದು ಬರೆದು, ಜಾಗ ಸಾಲದೆ ಇನ್ನೊಂದು ಹಾಳೆ ಲಗತ್ತಿಸಿದ್ದರು. ಹೆಸ್ಟರ್ ಆರ್ಮರೋಡ್ ಎಂಬ ನನ್ನ ಹೆಸರು, ನನ್ನ ಮರಸೇಬಿನ ಮರ, ತಾರೀಕು ಸಮೇತ ಎಲ್ಲವೂ ಟ್ಯಾಮ್ಸಿನ್ ತಂದಿದ್ದ ಆ ಹಾಳೆಯಲ್ಲಿ ಅವರ ಗುಂಡು ಅಕ್ಷರದಲ್ಲಿತ್ತು.

"ನಮ್ಮ ಲಾಯರು ಬೇಡವೇ ಬೇಡ ಅಂತಿದಾರೆ," ಎಂದಳು ಟ್ಯಾಮ್ಸಿನ್. "ಜಗಳ ಮುಗಿದಿದೆ ಅಂತ ಶುಕ್ರವಾರದೊಳಗೆ ನಿಮ್ಮಿಂದ ಒಂದು ಪತ್ರ ಬೇಕಂತೆ. ಇಲ್ದಿದ್ರೆ ಕೈಬಿಡಿ ಅಂದ್ರು. ಈಗಿರೋದು ಮೀನಂಗಡಿ ಮೇಲಿನ ರೂಮು ಮೇಡಂ. ತೊಟ್ಟಿಲು ಇಡೋ ಗೋಡೆಗೇ ಬೂಷ್ಟು."

ಅವಳು ಮಾತಾಡುತ್ತಲೇ ನನ್ನ ಚಹಾ ಕಪ್ಪನ್ನು ಅದರ ಹಿಡಿ ನನ್ನತ್ತ ಬರುವಂತೆ ತಿರುಗಿಸಿ ಇಟ್ಟಳು. ನನ್ನ ಊದಿದ ಬೆರಳ ಗಂಟುಗಳನ್ನು ನೋಡಿದ್ದಳೆಂದು ಕಾಣುತ್ತದೆ.

ಪತ್ರ ಬರೆಯುವುದು ಕಷ್ಟವಲ್ಲ. ಆದರೆ ಮುಗಿದಿದೆ ಎಂದು ಬರೆಯಬೇಕಾದರೆ ಮುಗಿದಿರಬೇಕಲ್ಲ. ಇಡೀ ಬದುಕು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವಳು ನಾನು. ಪ್ರಯೋಗ ಮಾಡದೆ ಫಲಿತಾಂಶ ಬರೆದವರಿಗೆ ಸೊನ್ನೆ ಕೊಟ್ಟವಳು. ಅವಳನ್ನು ಕಳಿಸಿ, ಕೋಲು ಹಿಡಿದು ಏಳನೆಯ ನಂಬರಿಗೆ ಹೋದೆ.

ಬಾಗಿಲು ತೆರೆದ ಕ್ಲೆಮೆಂಟ್ ಒಂದು ಕ್ಷಣ ನೋಡಿ, ತಲೆಯ ಮೇಲಿನ ಟೋಪಿ ತೆಗೆದರು. ಎಂಬತ್ತೆರಡಾಗಿದೆ. ಹಿಂದೆ ಮುಳ್ಳುಹಂದಿಯಂತೆ ನೆಟ್ಟಗಿದ್ದ ಕೂದಲು ಈಗ ಹತ್ತಿಯಂತಾಗಿತ್ತು.

"ಯಾಕ್ರೀ ಅದನ್ನ ಬರೆದ್ರಿ?" ಎಂದೆ.

"ಕೇಳಿದ್ರು. ಬರೆದೆ."

"ಎಲ್ರೂ 'ಇಲ್ಲ' ಅಂತ ಬರೀತಾರೆ."

"ಎಲ್ರೂ ಬರ್ಕೊಳ್ಲಿ. ಕೆಳಗೆ ನನ್ನ ಸಹಿ ಇರುತ್ತೆ."

"ಸಹಿ ಇಟ್ಕೊಂಡು ಇಲ್ಲೇ ಕೂತಿರ್ತೀರಾ? ಮೋರ್ಕಮ್ ಊರಲ್ಲಿ ನಿಮ್ಮ ತಂಗಿ ಪಕ್ಕದಲ್ಲಿ ನೀವು ಕೊಳ್ಳೋ ಮನೆ ಕೈತಪ್ಪಿ ಹೋಗುತ್ತಂತೆ, ಟ್ಯಾಮ್ಸಿನ್ ಹೇಳಿದ್ಲು. ಆ ಹುಡುಗಿಗೆ ಈ ಮನೆ ತಪ್ಪುತ್ತೆ."

ಅವರು ನನ್ನ ಕೋಲು ನೋಡಿ ಒಳಗೆ ಕರೆದರು. ಕುರ್ಚಿ ಎಳೆದು, ಅದರ ಮೇಲೆ ದಿಂಬು ಇಟ್ಟು, ಎತ್ತರ ಸರಿಯಾಯಿತೇ ಎಂದು ಕೈಯಿಂದ ಒತ್ತಿ ನೋಡಿದರು. ನಾನು ಕೂತೆ. ಹತ್ತೊಂಬತ್ತು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟೆ.

"ಕೊಂಬೆ ಕಡಿದ್ರಿ, ಕಡೀರಿ. ನಿಮ್ಮ ಕಡೆ ಬಾಗಿತ್ತು. ಆದ್ರೆ ಹೂವಿರೋ ಕೊಂಬೆಗಳನ್ನ ಹುರಿಯಲ್ಲಿ ಕಟ್ಟಿ ನನ್ನ ಹೊಸಿಲಿಗೆ ತಂದು ಯಾಕೆ ಹಾಕಿದ್ರಿ? ಅಮ್ಮ ನೆಟ್ಟ ಮರ ಅದು. ಅವಳು ಹೋಗಿ ಎರಡು ತಿಂಗಳೂ ಆಗಿರ್ಲಿಲ್ಲ. ಬಾಗಿಲು ತೆಗೆದ್ರೆ ಹೆಣದ ಥರ ಬಿದ್ದಿತ್ತು."

ಕ್ಲೆಮೆಂಟ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತರು.

"ಕಡಿದ ಕೊಂಬೆ ಮರದವರ ಸ್ವತ್ತು, ಹೆಸ್ಟರ್. ಕಾನೂನಲ್ಲಿ ಹಾಗಿದೆ. ಇಟ್ಕೊಂಡ್ರೆ ಕಳ್ಳತನ ಆಗುತ್ತೆ ಅಂತ ನಮ್ಮಪ್ಪ ಹೇಳ್ತಿದ್ದ. ಅದಕ್ಕೇ ನಿಮ್ದು ನಿಮಗೆ ತಂದುಕೊಟ್ಟೆ." ಟೋಪಿಯನ್ನು ಮೇಜಿನ ಮೇಲಿಟ್ಟು, "ಹೂವು ಉದುರಬಾರ್ದು ಅಂತ ಸಡಿಲವಾಗೇ ಕಟ್ಟಿದ್ದೆ. ನೀವು ನೀರಲ್ಲಿಡ್ತೀರಿ ಅಂದ್ಕೊಂಡೆ," ಎಂದರು.

ಆಗ ನನಗೆ ಹಣ್ಣಿನ ಬುಟ್ಟಿಗಳು ನೆನಪಾದವು. ಪ್ರತಿ ಸೆಪ್ಟೆಂಬರಿನಲ್ಲಿ ಅವರ ಅಂಗಳಕ್ಕೆ ಬಿದ್ದ ಹಣ್ಣು ಬುಟ್ಟಿ ತುಂಬಿ ನನ್ನ ಗೋಡೆಯ ಮೇಲೆ ಬಂದು ಕೂರುತ್ತಿತ್ತು. ನನ್ನ ಹಣ್ಣು ಮುಟ್ಟಲೂ ಅವರಿಗೆ ಹೇಸಿಗೆಯೆಂದು ನಾನು ತಿಳಿದಿದ್ದೆ.

"ಒಂದನ್ನೂ ತಿಂದಿಲ್ವಾ?"

"ನೀವು ಕೊಟ್ಟಿರ್ಲಿಲ್ವಲ್ಲ."

"ನಾನು ಇದಕ್ಕೇ ಊರಿನ ಕೌನ್ಸಿಲ್‌ಗೆ ದೂರು ಬರೆದಾಗಲಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಟೀಚರು. ಸಿಟ್ಟಲ್ಲಿದ್ದ ಟೀಚರ್ ಮುಂದೆ ನಾನು ಯಾವತ್ತೂ ಬಾಯಿ ಬಿಟ್ಟವನಲ್ಲ."

ನಕ್ಕುಬಿಟ್ಟೆ. ಅವರೂ ನಕ್ಕರು, ನಗುತ್ತಲೇ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಆಮೇಲೆ ಇಬ್ಬರೂ ಅದೇ ಮೇಜಿನ ಮೇಲೆ ಪತ್ರ ಬರೆದೆವು. 'ಎಂದೂ ತಕರಾರು ಇರಲಿಲ್ಲ' ಎಂದು ಬರೆಯೋಣವೆಂದು ಒಮ್ಮೆ ನನಗೇ ಆಸೆಯಾಯಿತು. ಕ್ಲೆಮೆಂಟ್ ಹುಬ್ಬೇರಿಸಿದರು. ಕೊನೆಗೆ ಹೀಗೆ ಬರೆದೆ:

'ತಕರಾರು ಇದ್ದದ್ದು ನಿಜ. ಮಿಸ್ಟರ್ ಆಗ್ಡನ್ ಸರಿಯಾದದ್ದನ್ನೇ ಮಾಡಿದ್ದರು, ನಾನು ತಪ್ಪು ತಿಳಿದೆ. ಅದು ಇಂದು ಮಧ್ಯಾಹ್ನ ಮುಗಿಯಿತು. ಈ ನಾಲ್ಕು ವರ್ಷಗಳಲ್ಲಿ ನನ್ನ ಕಸದ ಡಬ್ಬಿ ಒಂದು ಬುಧವಾರವೂ ರಸ್ತೆಯಲ್ಲಿ ಉಳಿದಿಲ್ಲ. ಏಳನೆಯ ನಂಬರಿನ ಕಡೆ ಬಾಗಿದ ಕೊಂಬೆ, ಹೂವು, ಹಣ್ಣು ಇನ್ನು ಮುಂದೆ ಆ ಮನೆಯವರದು. ಯಾರೂ ಏನನ್ನೂ ಹಿಂದಿರುಗಿಸಬೇಕಾಗಿಲ್ಲ.'

ಲಾಯರು ಇಂಥ ಪತ್ರವನ್ನು ಹಿಂದೆ ನೋಡಿರಲಿಲ್ಲವಂತೆ. ಶುಕ್ರವಾರ ಸಂಜೆ ಟ್ಯಾಮ್ಸಿನ್ ಫೋನ್ ಮಾಡಿ, "ಒಪ್ಪಿದ್ರು ಮೇಡಂ, ಒಪ್ಪಿದ್ರು!" ಎಂದು ಕೂಗಿದಳು. ಹಿಂದಿನಿಂದ ಗಂಡ ಏನೋ ಹಾಡುತ್ತಿದ್ದ.

ಜೂನ್ ತಿಂಗಳಲ್ಲಿ ಕ್ಲೆಮೆಂಟರ ಸಾಮಾನು ಲಾರಿಗೆ ಏರಿತು. ಅಲ್ಲಿಯವರೆಗಿನ ಒಂಬತ್ತು ವಾರ ನಾವು ದಿನವೂ ಚಹಾ ಕುಡಿದೆವು. ಕಳೆದುಹೋದ ವರ್ಷಗಳ ಮಾತು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಅವರು ಟ್ಯಾಮ್ಸಿನ್‌ಳ ಗಂಡನನ್ನು ಗೇಟಿನ ಬಳಿ ಕರೆದು ನನ್ನ ಡಬ್ಬಿಯ ಜಾಗ ತೋರಿಸಿ, "ಡಬ್ಬಿಯ ಹಿಡಿ ಮನೆ ಕಡೆಗಿರ್ಲಿ. ಅವ್ರು ಬಗ್ಗೋ ಹಾಗಿಲ್ಲ," ಎಂದದ್ದು ಕಿಟಕಿಯಿಂದ ನನಗೆ ಕೇಳಿಸಿತು.

ಸೆಪ್ಟೆಂಬರಿನಲ್ಲಿ ಪಕ್ಕದಂಗಳದಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಟ್ಯಾಮ್ಸಿನ್ ಹಣ್ಣು ಹೆಕ್ಕಿದಳು. ನನ್ನ ಕಡೆಯವನ್ನು ನಾನು ನಿಂತೇ ಕೊಂಬೆಯಿಂದ ಕಿತ್ತು, ಚೆನ್ನಾಗಿರುವ ಹನ್ನೆರಡನ್ನು ಆರಿಸಿ, ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಹುರಿ ಕಟ್ಟಿ ಮೋರ್ಕಮ್‌ಗೆ ಕ್ಲೆಮೆಂಟರಿಗೆ ಅಂಚೆಯಲ್ಲಿ ಕಳಿಸಿದೆ. ಹೇಗಿತ್ತೆಂದು ಬರೆಯಿರಿ ಎಂದು ಒಂದು ಸಾಲು ಜೊತೆಗಿಟ್ಟಿದ್ದೆ.

ಹತ್ತು ದಿನಕ್ಕೆ ಪೆಟ್ಟಿಗೆ ಖಾಲಿಯಾಗಿ ಹಿಂದಿರುಗಿತು. ಸುತ್ತಿದ್ದ ಪತ್ರಿಕೆಯ ಹಾಳೆಗಳನ್ನು ಮಡಚಿ, ಹುರಿಯನ್ನು ಸುರುಳಿ ಸುತ್ತಿ ಒಳಗಿಟ್ಟಿದ್ದರು. ಮೇಲೊಂದು ಚೀಟಿ, ಅದೇ ಗುಂಡು ಅಕ್ಷರ:

'ಹನ್ನೊಂದು ತಿಂದೆ. ಬಹಳ ಸಿಹಿ. ಒಂದು ಕೊಳೆತಿತ್ತು. ನೀವು ಕೇಳಿದ್ರಿ, ಬರೆದೆ.'